ಕೋಸಂಬರಿಯೋ, ಮೊಳಕೆಯೋ, ಲೆಟಿಸ್ಸೋ: 40 ರಾತ್ರಿ ತಿಂದು ನೋಡಿದ ಮೇಲೆ

ಶಿವರಾತ್ರಿಯ ದಿನ ಬೇಯಿಸಿದ್ದನ್ನು ಮುಟ್ಟದೆ ಹಣ್ಣು, ನೆನೆಸಿದ ಹೆಸರುಬೇಳೆ, ಸೌತೆಕಾಯಿಯಲ್ಲೇ ಕಳೆದೆ. ಮರುದಿನ ಬೆಳಿಗ್ಗೆ ಎದ್ದಾಗ, ಎಷ್ಟೋ ತಿಂಗಳಿಂದ ಬೆನ್ನುಬಿಡದಿದ್ದ ಹುಳಿತೇಗು ಇರಲಿಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹೇಗಿದೆಯೋ ಹಾಗೇ ಇರಲಿ, ರಾತ್ರಿಯ ಊಟವೊಂದನ್ನು ಹಸಿಯಾಗಿ ತಿಂದು ನೋಡೋಣ ಎಂದು ಅವತ್ತೇ ನಿರ್ಧರಿಸಿದೆ. ರಾಮನವಮಿಗೆ ಇನ್ನು 40 ದಿನವಿತ್ತು. ಮೂರು ಬಗೆಯ ಸಲಾಡ್‌ಗಳಿಗೆ ಹದಿಮೂರು ಹದಿಮೂರು ರಾತ್ರಿ ಹಂಚಿಕೊಂಡೆ, ಒಂದು ರಾತ್ರಿ ಹೆಚ್ಚಿಗೆ ಉಳಿಯಿತು. ಮೊದಲನೆಯದು ಎಲ್ಲರೂ ಚಿತ್ರ ಹಾಕುವ ಲೆಟಿಸ್ ಎಲೆಯ ಸಲಾಡ್, ಎರಡನೆಯದು ಮೊಳಕೆ ಕಾಳಿನದು, ಮೂರನೆಯದು ನಮ್ಮ ಹೆಸರುಬೇಳೆ ಕೋಸಂಬರಿ.

ಕೋಲಾರದ ನಮ್ಮ ಮನೆಯಲ್ಲಿ ರಾತ್ರಿಯ ಊಟ ಎಂದರೆ ಮುದ್ದೆ, ಸಾರು. ನನ್ನ ಬಟ್ಟಲನ್ನು ನೋಡಿ ಅತ್ತೆ ಮೊದಲ ದಿನವೇ ಕೇಳಿದರು: “ಇದೆಲ್ಲ ಎಲೆಯ ತುದಿಗೆ ಬಡಿಸುವುದು ಕಣಮ್ಮ. ಇದರಲ್ಲೇ ಬೆಳಗಿನವರೆಗೆ ಇರುವುದಕ್ಕೆ ಆಗುತ್ತದೆಯೇ?” ನನಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಿಲ್ಲ. ಎಂಟು ಗಂಟೆಗೆ ತಿಂದರೆ ಹನ್ನೊಂದಕ್ಕೆ ಹಸಿವಾಗುತ್ತದೆಯೇ? ಬೆಳಿಗ್ಗೆ ಹೊಟ್ಟೆ ಹೇಗಿರುತ್ತದೆ? ಶಾಲೆಯಿಂದ ಬಂದು ಸುಸ್ತಾದ ದಿನವೂ ಮಾಡಿಕೊಳ್ಳುವಷ್ಟು ಸುಲಭವೇ? ಈ ಮೂರನ್ನು ಪ್ರತಿ ರಾತ್ರಿ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾ ಹೋದೆ.

ಲೆಟಿಸ್‌ಗೆ ಮೊದಲ ಸರದಿ ಕೊಟ್ಟೆ. ಯಜಮಾನರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋದಾಗ ತಂದುಕೊಡುತ್ತಿದ್ದರು. ಶನಿವಾರ ತಂದ ಎಲೆಯ ಅಂಚು ಬುಧವಾರದ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ರುಚಿಯ ಮಾತಿಗೆ ಬಂದರೆ, ಮೊದಲ ಮೂರು ದಿನ ನೀರುನೀರಾಗಿತ್ತು, ಬಟ್ಟಲಿನ ತಳದಲ್ಲಿ ಎಣ್ಣೆ ಬೇರೆ, ನೀರು ಬೇರೆ ನಿಲ್ಲುತ್ತಿತ್ತು. ಕಾರಣ ನಾಲ್ಕನೆಯ ದಿನ ಹೊಳೆಯಿತು: ತೊಳೆದ ಎಲೆಯನ್ನು ಒರೆಸದೆ ಹಾಕುತ್ತಿದ್ದೆ. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ. ಹತ್ತಿಯ ಪಂಚೆಯ ಮೇಲೆ ಹರಡಿ, ಸುತ್ತಿ ಒತ್ತಿ ಒಣಗಿಸಿದ ಮೇಲೆ ಎಣ್ಣೆ, ನಿಂಬೆರಸ, ಕಾಳುಮೆಣಸಿನ ಪುಡಿ ಎಲ್ಲ ಎಲೆಗೇ ಹಿಡಿದುಕೊಂಡವು. ಆಲಿವ್ ಎಣ್ಣೆಯ ಬದಲು ಗಾಣದ ಕಡಲೆಕಾಯಿ ಎಣ್ಣೆ ಒಂದು ಚಮಚ ಹಾಕಿದಾಗ ರುಚಿ ಇನ್ನೂ ಏರಿತು.

ಆದರೆ ಹನ್ನೊಂದು ಗಂಟೆಯ ಪರೀಕ್ಷೆಯಲ್ಲಿ ಲೆಟಿಸ್ ಹದಿಮೂರರಲ್ಲಿ ಹನ್ನೊಂದು ರಾತ್ರಿ ಸೋತಿತು. ಲೆಕ್ಕ ಹಾಕಿದರೆ ಸೋಲದೆ ಇನ್ನೇನು? 100 ಗ್ರಾಂ ಲೆಟಿಸ್‌ನಲ್ಲಿ ಇರುವುದು ಸುಮಾರು 15 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಮುದ್ದೆ ಇದ್ದ ಜಾಗಕ್ಕೆ ಎಲೆ ಮತ್ತು ನೀರನ್ನು ಇಟ್ಟು, ಹಸಿವಾಯಿತು ಎಂದು ನನ್ನ ಮನೋಬಲವನ್ನು ಬೈದುಕೊಂಡದ್ದು ತಪ್ಪು. ಹಸಿ ಊಟವನ್ನು ಎರಡೇ ವಾರದಲ್ಲಿ ಬಿಟ್ಟವರನ್ನು ಕೇಳಿ ನೋಡಿ, ಬಹುಪಾಲು ಜನ ಬರೀ ಎಲೆ ತಿಂದಿರುತ್ತಾರೆ.

ಎಲೆಯೇ ಬೇಕು ಎನ್ನುವವರು ಲೆಟಿಸ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಎಲೆಕೋಸು ಅದಕ್ಕಿಂತ ಗರಿಗರಿ, ಹೆಚ್ಚದೆ ಇಟ್ಟ ಕೋಸು ವಾರವಾದರೂ ಬಾಡುವುದಿಲ್ಲ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ತಿನ್ನುವ ಹಾಗೆ ಎಳೆಯ ಮೆಂತ್ಯ ಸೊಪ್ಪನ್ನು ಹಸಿಯಾಗಿಯೇ ಬೆರೆಸಬಹುದು, ಸ್ವಲ್ಪ ಕಹಿ ಇದ್ದರೂ ಈರುಳ್ಳಿ, ನಿಂಬೆಯ ಜೊತೆ ಸೊಗಸು. ತೊಳೆಯುವುದರಲ್ಲಿ ಮಾತ್ರ ಸೋಮಾರಿತನ ಕೂಡದು. ಕೋಸಿನ ಹೊರಗಿನ ಎರಡು ಮೂರು ಎಲೆ ತೆಗೆದುಹಾಕಿ, ಒಳಗಿನ ಎಲೆಗಳನ್ನು ಬಿಡಿಸಿ ಹರಿಯುವ ನೀರಿನಲ್ಲಿ ಒಂದೊಂದಾಗಿ ಉಜ್ಜುತ್ತೇನೆ. ಸೊಪ್ಪನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಬಿಟ್ಟು, ಮಣ್ಣು ತಳಕ್ಕೆ ಇಳಿದ ಮೇಲೆ ಕೈಯಿಂದ ಎತ್ತಿಕೊಳ್ಳಬೇಕು. ಪಾತ್ರೆಯನ್ನೇ ಬಗ್ಗಿಸಿದರೆ ಮಣ್ಣು ಮತ್ತೆ ಸೊಪ್ಪಿನ ಮೇಲೆ ಬೀಳುತ್ತದೆ. ಹೀಗೆ ಮೂರು ಸಲ. ಬೇಯಿಸುವಾಗ ಬೆಂಕಿ ಮಾಡುತ್ತಿದ್ದ ಕೆಲಸವನ್ನು ಹಸಿ ಊಟದಲ್ಲಿ ನಮ್ಮ ಕೈಯೇ ಮಾಡಬೇಕು. ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಲಾಡಿಹುಳುವಿನ ಮೊಟ್ಟೆಯೂ ಹೊಟ್ಟೆ ಸೇರಬಹುದು.

ಎರಡನೆಯದು ಮೊಳಕೆ. ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಶಾಲೆಗೆ ಹೋದರೆ, ಮಾರ್ಚಿಯ ಸೆಖೆಗೆ ಸಂಜೆ ಹೊತ್ತಿಗೆ ಬಟ್ಟೆಯನ್ನು ತೂರಿಕೊಂಡು ಬಿಳಿ ಬಾಲಗಳು ಕಾಣುತ್ತಿದ್ದವು. ಗಂಟು ಬಿಚ್ಚಿದಾಗ ಬರುವ ಆ ಹಸಿ ಪರಿಮಳ, ಬೆಚ್ಚಗಿನ ಕಾಳು ಅಂಗೈಗೆ ತಾಗುವುದು, ಇವುಗಳಿಗಾಗಿಯೇ ನಾನು ಸಂಜೆಯನ್ನು ಕಾಯುವಂತಾಯಿತು. ಮೊಳಕೆ ಕಾಳಿಗಿಂತ ಸ್ವಲ್ಪವೇ ಉದ್ದವಿದ್ದಾಗ ಸಿಹಿ. ಎರಡು ದಿನ ಬಿಟ್ಟು ಬೇರು ಉದ್ದವಾದರೆ ನಾರು, ಒಗರು.

ಹಸಿವಿನ ಪರೀಕ್ಷೆಯಲ್ಲಿ ಮೊಳಕೆ ಹದಿಮೂರಕ್ಕೆ ಹದಿಮೂರೂ ಗೆದ್ದಿತು. ಒಣ ಹೆಸರುಕಾಳಿನ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ, ಜೊತೆಗೆ ನಾರಿನಂಶ. ಮೊಳೆತಾಗ ವಿಟಮಿನ್ ಸಿ ಹೆಚ್ಚುತ್ತದೆ. ಮೇಲೆ ನಿಂಬೆ ಹಿಂಡಿಕೊಂಡರೆ ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಇನ್ನಷ್ಟು ಚೆನ್ನಾಗಿ ಹತ್ತುತ್ತದೆ.

ತೊಂದರೆ ಬೆಳಗಿನದು. ಮೊದಲ ವಾರ ಹೊಟ್ಟೆ ಉಬ್ಬರ, ವಾಯು. ದೊಡ್ಡ ಬಟ್ಟಲಿನ ತುಂಬ ತಿಂದದ್ದೇ ಅದಕ್ಕೆ ಕಾರಣ. ಅರ್ಧ ಬಟ್ಟಲಿಗೆ ಇಳಿಸಿ, ಜಜ್ಜಿದ ಶುಂಠಿ ಸೇರಿಸಿ, ಪ್ರತಿ ತುತ್ತನ್ನೂ ಹಿಟ್ಟಾಗುವವರೆಗೆ ಅಗಿದ ಮೇಲೆ ಎರಡನೆಯ ವಾರದಲ್ಲಿ ಬಹಳ ಕಡಿಮೆಯಾಯಿತು. ಹುರುಳಿ, ಕಡಲೆಕಾಳನ್ನೂ ಮೊಳಕೆ ಕಟ್ಟಿ ನೋಡಿದೆ, ಹಸಿಯಾಗಿ ಅಗಿದು ದವಡೆ ನೋವು ಬಂತು. ಹೊಸಬರಿಗೆ ಹೆಸರುಕಾಳೇ ಸಾಕು. ರಾಜ್ಮಾವನ್ನಂತೂ ಮೊಳಕೆ ಬರಿಸಿದರೂ ಹಸಿಯಾಗಿ ತಿನ್ನಲೇಬಾರದು, ಅದರಲ್ಲಿರುವ ನಂಜು ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ.

ಒಂದು ದಿನ ಗಾಬರಿಯೂ ಆಯಿತು. ಬಟ್ಟೆಯ ಬದಲು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗಿದ್ದೆ. ಸಂಜೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಬೆರಳಿಗೆ ಲೋಳೆ. ತೊಳೆದು ತಿನ್ನಬಹುದು ಎಂದು ಆಸೆ ಪಡದೆ ಎಲ್ಲವನ್ನೂ ಗಿಡದ ಬುಡಕ್ಕೆ ಹಾಕಿದೆ. ಮೊಳಕೆಗೆ ಬೇಕಾದ ಶಾಖ, ತೇವ ಎರಡೂ ರೋಗಾಣುಗಳಿಗೂ ಬೇಕಾದದ್ದೇ. ಅದಕ್ಕೇ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಬೇಡ. ಅತ್ತೆಗೆ ನಾನು ಬೇಯಿಸಿಯೇ ಕೊಡುತ್ತೇನೆ.

ಇನ್ನು ಕೋಸಂಬರಿ. ಇದರ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಇದನ್ನು ನಾನೇ ಇಷ್ಟು ವರ್ಷ ಸರಿಯಾಗಿ ನೋಡಿರಲಿಲ್ಲ. ಹಬ್ಬದ ದಿನ ಎರಡು ಚಮಚ ತಿನ್ನುವ ಕೋಸಂಬರಿಯನ್ನೇ ದೊಡ್ಡದಾಗಿ ಮಾಡಿದರೆ ಊಟವಾಗುವುದಿಲ್ಲ, ಅಳತೆ ಬದಲಾಗಬೇಕು. ನನಗೆ ಕೊನೆಗೆ ಒಗ್ಗಿದ ಅಳತೆ ಇದು: ಅರ್ಧ ಲೋಟ ಹೆಸರುಬೇಳೆ, ಒಂದು ಸೌತೆಕಾಯಿ, ಒಂದು ಕ್ಯಾರೆಟ್ ತುರಿ, ಎರಡು ದೊಡ್ಡ ಚಮಚ ತೆಂಗಿನತುರಿ, ಬೆಳಿಗ್ಗೆಯೇ ನೆನೆಸಿಟ್ಟ ಒಂದು ಹಿಡಿ ಕಡಲೆಕಾಯಿ ಬೀಜ, ಕೊತ್ತಂಬರಿ ಸೊಪ್ಪು, ಶುಂಠಿಯ ಜೊತೆ ಕುಟ್ಟಿದ ಹಸಿಮೆಣಸಿನಕಾಯಿ. ತೆಂಗು, ಕಡಲೆಕಾಯಿ ಇಲ್ಲದೆ ಮೂರು ರಾತ್ರಿ ತಿಂದಾಗ ಹನ್ನೊಂದಕ್ಕೆ ಹಸಿವಾಯಿತು. ಅವೆರಡನ್ನೂ ಸೇರಿಸಿದ ಹತ್ತು ರಾತ್ರಿ ಆಗಲಿಲ್ಲ. ಹಸಿವು ತಡೆಯುವುದಷ್ಟೇ ಅಲ್ಲ, ಕ್ಯಾರೆಟ್‌ನ ಕ್ಯಾರೋಟಿನ್ ಮೈಗೆ ಸೇರಬೇಕಾದರೂ ಜೊತೆಯಲ್ಲಿ ಜಿಡ್ಡು ಬೇಕು.

ಬೇಳೆ ನೆನೆಯುವುದು ಒಂದು ಗಂಟೆ ಸಾಕು. ಉಗುರಿನಿಂದ ಒತ್ತಿದರೆ ಚಟ್ಟನೆ ಮುರಿಯಬೇಕು, ನುಣ್ಣಗಾಗಬಾರದು. ಮೂರು ಗಂಟೆ ಮರೆತುಬಿಟ್ಟ ದಿನ ಅದು ರುಬ್ಬುವ ಬೇಳೆಯಂತಾಗಿ, ಬಾಯಲ್ಲಿ ಹಿಟ್ಟಿನ ವಾಸನೆ ಉಳಿಯಿತು. ಉಪ್ಪು ಯಾವಾಗ ಹಾಕಬೇಕು ಎನ್ನುವುದನ್ನು ಎರಡು ಬಟ್ಟಲು ಪಕ್ಕಪಕ್ಕ ಇಟ್ಟು ನೋಡಿದೆ. ಏಳು ಗಂಟೆಗೆ ಉಪ್ಪು ಬೆರೆಸಿದ್ದರಲ್ಲಿ ಎಂಟೂವರೆಗೆ ಬೆರಳು ಮುಳುಗುವಷ್ಟು ನೀರು ನಿಂತಿತ್ತು, ಸೌತೆಕಾಯಿ ಮೆತ್ತಗಾಗಿತ್ತು. ಉಪ್ಪು ತರಕಾರಿಯ ಒಳಗಿನ ನೀರನ್ನೆಲ್ಲ ಹೊರಕ್ಕೆ ಎಳೆದಿತ್ತು. ಬಡಿಸಿಕೊಂಡ ಮೇಲೆ ಉಪ್ಪು, ನಿಂಬೆ ಹಾಕಿದ ಬಟ್ಟಲಿನಲ್ಲಿ ಕೊನೆಯ ತುತ್ತಿನವರೆಗೂ ಕರಕರ ಎನ್ನುವ ಸದ್ದಿತ್ತು. ಮೂರೂ ಸಲಾಡ್‌ಗಳಿಗೆ ಈ ಮಾತು ಸಲ್ಲುತ್ತದೆ.

ಒಗ್ಗರಣೆ ಹಾಕಬಹುದೇ? ಹಸಿ ಆಹಾರವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದದ್ದನ್ನು ಮುಟ್ಟುವುದಿಲ್ಲ, ಅವರ ಲೆಕ್ಕದಲ್ಲಿ ಸಾಸಿವೆ ಸಿಡಿಸಿದರೆ ವ್ರತ ಕೆಟ್ಟಂತೆ. ಹಾಕಿಯೂ ಹಾಕದೆಯೂ ತಿಂದೆ. ಮೊದಲ ವಾರ ಇಂಗು, ಸಾಸಿವೆಯ ಒಗ್ಗರಣೆ ಇದ್ದದ್ದರಿಂದಲೇ ನಾಲಿಗೆ ಒಪ್ಪಿತು. ಆಮೇಲೆ ಬೇಕೆನಿಸಲಿಲ್ಲ. ಒಂದು ಚಮಚ ಬಿಸಿ ಎಣ್ಣೆಯಿಂದ ಬಟ್ಟಲು ತುಂಬ ಹಸಿ ತರಕಾರಿ ಒಳಗೆ ಹೋಗುವುದಾದರೆ, ಶುರುವಿನಲ್ಲಿ ಧಾರಾಳವಾಗಿ ಹಾಕಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಟೊಮೆಟೊ ಬಗ್ಗೆ ಹೇಳದೆ ಹೋದರೆ ಕೋಲಾರದವಳಾಗಿ ತಪ್ಪಾಗುತ್ತದೆ. ನಮ್ಮ ಎಪಿಎಂಸಿಯಿಂದ 15 ಕೆಜಿಯ ಬಾಕ್ಸ್‌ಗಳಲ್ಲಿ ದೂರದೂರದ ಊರುಗಳಿಗೆ ಹೋಗುವ ಹೈಬ್ರಿಡ್ ಹಣ್ಣಿನ ಸಿಪ್ಪೆ ದಪ್ಪ, ಒಳಗೆ ತಿರುಳು ಗಟ್ಟಿ. 2023ರ ಜುಲೈನಲ್ಲಿ ಆ ಬಾಕ್ಸ್‌ನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಮನೆಯಲ್ಲಿ ಹುಣಸೆಹಣ್ಣಿನ ಸಾರೇ ಗತಿಯಾಗಿತ್ತು. ಸಾರಿಗೆ ನಾನು ಹುಡುಕುವುದು ನಾಟಿ ಟೊಮೆಟೊ. ಆದರೆ ಸಲಾಡ್‌ಗೆ ಹೈಬ್ರಿಡ್ಡೇ ಸರಿ. ನಾಟಿ ಹಣ್ಣು ಹೆಚ್ಚಿದ ಕೂಡಲೇ ರಸ ಬಿಟ್ಟು ಬಟ್ಟಲನ್ನೇ ಹುಳಿ ಮಾಡುತ್ತದೆ. ನಾಟಿಯೇ ಬೇಕೆಂದರೆ ಬೀಜ, ರಸ ತೆಗೆದು ಹಾಕಿ, ಆಗ ನಿಂಬೆಯೂ ಬೇಡ. ಚೈತ್ರದಲ್ಲಿ ಶ್ರೀನಿವಾಸಪುರದ ಕಡೆಯಿಂದ ಗಾಳಿಗೆ ಉದುರಿದ ಎಳೆ ಮಾವಿನಕಾಯಿ ಬಂದಾಗ, ಅದರ ತುರಿಯನ್ನು ಕೋಸಂಬರಿಗೆ ಬೆರೆಸಿದ ನಾಲ್ಕು ರಾತ್ರಿಗಳು ಈ ನಲವತ್ತರಲ್ಲೇ ಅತ್ಯಂತ ರುಚಿಯಾದವು.

ಹಾಗಾದರೆ ಯಾವುದು? ಇವತ್ತೇ ಶುರು ಮಾಡುವವರಿಗೆ ಕಡಲೆಕಾಯಿ ಬೀಜ ಹಾಕಿದ ಕೋಸಂಬರಿ. ಬೆಳಿಗ್ಗೆ ಕಡಲೆಕಾಯಿ ಬೀಜ ನೆನೆಹಾಕಿದ್ದರೆ, ಬೇಳೆ ಒಂದು ಗಂಟೆಯ ಮುಂಚೆ ನೆನಪಾದರೆ ಸಾಕು, ಎಲ್ಲ ಸಾಮಾನೂ ಮನೆಯಲ್ಲೇ ಇರುತ್ತದೆ, ಬೆಳಿಗ್ಗೆ ಹೊಟ್ಟೆ ಹಗುರ. ಹದಿನೈದು ದಿನ ಅದಕ್ಕೆ ಒಗ್ಗಿದ ಮೇಲೆ ವಾರಕ್ಕೆರಡು ಸಲ ಮೊಳಕೆ. ಎಲೆ ಮೂರನೆಯ ಸ್ಥಾನದಲ್ಲೇ ಇರಲಿ, ಮಧ್ಯಾಹ್ನದ ಊಟದ ಪಕ್ಕಕ್ಕೆ ಅದು ತುಂಬ ಒಳ್ಳೆಯದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರಾತ್ರಿಯ ಊಟ ಬದಲಿಸಬಾರದು. ಮೂರು ಹೊತ್ತೂ ಹಸಿಯಾಗಿ, ಹಾಲು ಮೊಸರನ್ನೂ ಬಿಟ್ಟು ತಿನ್ನಲು ಹೊರಟವರಿಗೆ ಬಿ12 ತರಕಾರಿಯಿಂದ ಸಿಗುವುದಿಲ್ಲ. ನಾನು ಮಧ್ಯಾಹ್ನದ ಮಜ್ಜಿಗೆಯನ್ನು ಬಿಟ್ಟಿಲ್ಲ.

ಈಗ ವಾರದಲ್ಲಿ ನಾಲ್ಕು ರಾತ್ರಿ ಹಸಿ ಊಟ, ಮೂರು ರಾತ್ರಿ ಮುದ್ದೆ. ಮಾರ್ಗಶಿರದಲ್ಲಿ ಸೊಗಡು ಅವರೆ ಬಂದಾಗ ಈ ಲೆಕ್ಕ ಬದಲಾಗುತ್ತದೆ. ಅವರೆ ಬೇಯಿಸದೆ ತಿನ್ನುವ ಕಾಳಲ್ಲ. ಆ ಒಂದೂವರೆ ತಿಂಗಳು ಅತ್ತೆಯ ಪಕ್ಕದಲ್ಲಿ ಕುಳಿತು ಕಾಳು ಹಿಸುಕಿ, ಹಿತಕಿದ ಬೇಳೆ ಸಾರು, ಮುದ್ದೆಯನ್ನೇ ಉಣ್ಣುತ್ತೇನೆ.