ಬಾರ್ ಕಾರ್ಡ್: ಒಂದನೇ ಫ್ರೆಟ್ಟೋ ಐದನೆಯದೋ, ಇ ಶೇಪೋ ಎ ಶೇಪೋ?

ಸಿ, ಜಿ, ಎ ಮೈನರ್ ಕಾರ್ಡ್‌ಗಳು (ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತಗಳು) ಕೈಗೆ ಕೂತ ಮೇಲೆ ನನ್ನ ಗಿಟಾರ್ ಕಲಿಕೆ ಎಫ್ ಹತ್ತಿರ ಬಂದು ನಿಂತುಬಿಟ್ಟಿತು. ಅದು ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವಂಥದ್ದು. ಒಂದನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹಾಗೆ ಮಲಗಿಸಿದರೆ ಮೂರು ತಂತಿ ಟಕ್ ಟಕ್ ಅನ್ನುತ್ತಿದ್ದವು, ಒಂದು ಝರ್ ಅನ್ನುತ್ತಿತ್ತು. "ಬಾರ್ ಕಾರ್ಡ್ ಬರ್ತಾನೇ ಇಲ್ಲಮ್ಮ" ಅಂದರೆ ಅಮ್ಮ ಬಾರ್ ಅನ್ನೋ ಮಾತಿಗೇ ಹುಬ್ಬೇರಿಸಿದರು.

ಒಂದು ತಿಂಗಳು ಅಲ್ಲೇ ಒದ್ದಾಡಿದೆ. ಬೇಸತ್ತು ಅದೇ ಇ ಶೇಪನ್ನು (ಇ ಕಾರ್ಡ್‌ನ ಬೆರಳ ವಿನ್ಯಾಸ, ಎಫ್ ಹಿಡಿಯೋದೂ ಹೀಗೇ) ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡಿದೆ. ಅಲ್ಲಿ ಅದು ಎ ಮೇಜರ್. ಮೊದಲ ದಿನವೇ ಐದು ತಂತಿ ನುಡಿದವು! ಕಾರಣ ಇಷ್ಟೇ: ಒಂದನೇ ಫ್ರೆಟ್ ನಟ್‌ಗೆ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಂಟಿಕೊಂಡಂತೆ ಇರುತ್ತೆ, ಅಲ್ಲಿ ತಂತಿ ಬಗ್ಗಿಸೋಕೆ ಬಲ ಜಾಸ್ತಿ ಬೇಕು. ಐದರ ಕಡೆ ಫ್ರೆಟ್‌ಗಳ ನಡುವಿನ ಜಾಗವೂ ಕಿರಿದು, ಬೆರಳು ಅಷ್ಟು ಚಾಚಬೇಕಾಗಿಲ್ಲ. ಐದರಿಂದ ನಾಲ್ಕು, ಮೂರು ಅಂತ ಒಂದೊಂದೇ ಇಳಿಯುತ್ತಾ ಬಂದೆ. ಎಫ್ ತಲುಪೋಕೆ ಮೂರು ವಾರ ಹಿಡಿಯಿತು. ಹೊಸಬರಿಗೆ ಎಫ್‌ನಿಂದಲೇ ಶುರು ಮಾಡಿಸುವುದು ಸುಮ್ನೆ ಹಿಂಸೆ ಅನ್ನೋದು ನನ್ನ ಅನಿಸಿಕೆ.

ಇನ್ನೊಂದು ಗುಟ್ಟು ತಡವಾಗಿ ಗೊತ್ತಾಯಿತು. ಇ ಶೇಪ್‌ನಲ್ಲಿ ತೋರುಬೆರಳು ಆರೂ ತಂತಿ ಒತ್ತಬೇಕಿಲ್ಲ. ಐದು, ನಾಲ್ಕು, ಮೂರನೇ ತಂತಿಗಳನ್ನು ಉಳಿದ ಬೆರಳುಗಳೇ ನೋಡಿಕೊಳ್ಳುತ್ತವೆ. ತೋರುಬೆರಳಿಗೆ ಉಳಿಯೋದು ದಪ್ಪ ಆರನೆಯದು, ಸಣ್ಣ ಎರಡನೆಯದು, ಒಂದನೆಯದು ಮಾತ್ರ. ನನ್ನ ಬೆರಳಿನ ಮಡಿಕೆ ಸರಿಯಾಗಿ ಮೂರನೇ ತಂತಿ ಮೇಲೆ ಬೀಳುತ್ತಿತ್ತು. ಮೇಜರ್‌ನಲ್ಲಿ ತೊಂದರೆ ಕಾಣಲಿಲ್ಲ. ಮೈನರ್‌ಗೆ ನಡುಬೆರಳು ಎತ್ತಿದ ಕೂಡಲೇ ಆ ತಂತಿ ಸತ್ತುಹೋಯಿತು. ಬೆರಳನ್ನು ಒಂದು ಕೂದಲೆಳೆಯಷ್ಟು ಮೇಲೆ ಸರಿಸಿ, ಮೂಳೆ ಇರುವ ಪಕ್ಕಕ್ಕೆ ಸ್ವಲ್ಪ ಹೊರಳಿಸಿದೆ. ಜೀವ ಬಂತು.

ಎ ಶೇಪ್‌ನಲ್ಲಿ (ಎ ಕಾರ್ಡ್‌ನ ಬೆರಳ ವಿನ್ಯಾಸ) ಕಾರ್ಡ್‌ನ ಹೆಸರು ಐದನೇ ತಂತಿ ಮೇಲೆ ಸಿಗುತ್ತೆ: ಎರಡನೇ ಫ್ರೆಟ್‌ನಲ್ಲಿ ಬಿ, ಮೂರರಲ್ಲಿ ಸಿ, ಐದರಲ್ಲಿ ಡಿ. ಕಾಗದದ ಮೇಲೆ ಸುಲಭ. ಕೈಯಲ್ಲಿ ಮಾತ್ರ ಮೂರು ಬೆರಳನ್ನು ಒಂದೇ ಫ್ರೆಟ್‌ಗೆ ತುರುಕಬೇಕು, ತುಂಬಿದ ಬಸ್ಸಿನ ಸೀಟಿನ ಹಾಗೆ. ಇಲ್ಲವೇ ಉಂಗುರ ಬೆರಳೊಂದನ್ನೇ ಮಲಗಿಸಬೇಕು. ನನ್ನದು ಹಿಂದಕ್ಕೆ ಬಾಗಲ್ಲ, ಒಂದನೇ ತಂತಿ ಮುಚ್ಚಿಹೋಗುತ್ತೆ. ಹೋದರೆ ಹೋಗಲಿ ಅಂತ ಬಿಟ್ಟಿದ್ದೇನೆ, ಸ್ಟ್ರಮ್ ಮಾಡುವಾಗ (ತಂತಿಗಳನ್ನು ಒಟ್ಟಿಗೆ ಮೀಟುವಾಗ) ಯಾರಿಗೂ ಗೊತ್ತಾಗಲ್ಲ. ತಮಾಷೆ ಅಂದರೆ ಎ ಮೈನರ್ ಶೇಪ್ ಸಲೀಸು, ಯಾಕೆಂದರೆ ಅದು ಇ ಶೇಪನ್ನೇ ಒಂದು ತಂತಿ ಪಕ್ಕಕ್ಕೆ ಸರಿಸಿದ್ದು. ಹಾಗಾಗಿ ಬಿ ಮೈನರ್ ನನಗೆ ಬಿ ಮೇಜರ್‌ಗಿಂತ ಎಷ್ಟೋ ಮೊದಲು ಬಂತು.

ಅಡ್ಡದಾರಿಗಳನ್ನೂ ಬಿಡಲಿಲ್ಲ. ಕೆಳಗಿನ ನಾಲ್ಕೇ ತಂತಿಯ ಚಿಕ್ಕ ಎಫ್ ಎರಡೇ ದಿನಕ್ಕೆ ಬಂತು. ಆದರೆ ದಪ್ಪ ತಂತಿ ಇಲ್ಲದೆ ದನಿ ಪೇಲವ. ಕೈತಪ್ಪಿ ಆರನೇ ತಂತಿಗೆ ತಾಗಿದರೆ ಅಪಸ್ವರ ಬೇರೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಬ್ಬೆರಳನ್ನು ಮೇಲಿಂದ ಸುತ್ತಿ ದಪ್ಪ ತಂತಿ ಒತ್ತುತ್ತಿದ್ದ. ಅದನ್ನೂ ಮಾಡಿ ನೋಡಿದೆ. ಗೆಳೆಯನ ಎಲೆಕ್ಟ್ರಿಕ್‌ನಲ್ಲಿ ಎಟಕಿತು, ನನ್ನ ಅಕೌಸ್ಟಿಕ್‌ನ ಅಗಲ ಕತ್ತಿನಲ್ಲಿ ಎಟಕಲಿಲ್ಲ. ಕೈ ದೊಡ್ಡದಿದ್ದವರು ನೋಡಬಹುದು.

ಇವೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ತಂತಿ ಬದಲಾವಣೆ. 12ರ ಸೆಟ್ ತೆಗೆದು 10ರದ್ದು ಹಾಕಿದೆ. ಅಂದರೆ ಅತಿ ಸಣ್ಣ ತಂತಿ 0.012 ಇಂಚಿನ ಬದಲು 0.010. ದನಿ ಸ್ವಲ್ಪ ತೆಳುವಾಯಿತು, ಬೆರಳು ಬದುಕಿತು.

ಈಗ ಎಫ್ ಬರುತ್ತೆ, ಆದರೆ ಸಿಯಿಂದ ಹಾರುವಾಗ ಇನ್ನೂ ಅರ್ಧ ಬೀಟ್ ತಡ. ಬಿ ಮೇಜರ್ ಬಂದರಂತೂ ಎರಡನೇ ಫ್ರೆಟ್ ಕಡೆ ತಿರುಗಿಯೂ ನೋಡದೆ ಏಳಕ್ಕೆ ಓಡುತ್ತೇನೆ, ಇ ಶೇಪ್ ಹಿಡಿದುಕೊಂಡು.