ಹಳೆ ಟ್ರ್ಯಾಕ್ಟರ್‌ಗೆ 20ಡಬ್ಲ್ಯು-40 ಎಂಜಿನ್ ಆಯಿಲ್ ಹಾಕೋದೋ, 15ಡಬ್ಲ್ಯು-40 ಹಾಕೋದೋ?

ಎಂಜಿನ್ ಬಿಸಿಯಾದ ಮೇಲೆ ಎರಡೂ ಒಂದೇ ದರ್ಜೆ; 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದನ್ನೇ ಆ 40 ಹೇಳುತ್ತದೆ. ವ್ಯತ್ಯಾಸವಿರುವುದು ತಣ್ಣಗಿರುವಾಗ; ಅದನ್ನು ಹೇಳುವುದು ಡಬ್ಲ್ಯು ಜೊತೆಗಿನ ಸಂಖ್ಯೆ, ಅದು ಕಡಿಮೆಯಿದ್ದಷ್ಟು ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಮುಂಜಾನೆ ಸ್ಟಾರ್ಟ್ ಮಾಡಿದಾಗ 15ಡಬ್ಲ್ಯು ಬೇರಿಂಗ್‌ಗೆ ಬೇಗ ತಲುಪುತ್ತದೆ. ಬಯಲುಸೀಮೆಯ ಸೆಕೆಗೆ 20ಡಬ್ಲ್ಯು ಸಾಕು, ಮಲೆನಾಡಿನ ಚಳಿಗೆ 15 ಒಳ್ಳೆಯದು. ನೀಲಿ ಹೊಗೆ ಬರುತ್ತಿದೆಯೆಂದು 15 ಬಿಟ್ಟು 20 ಹಾಕಿದರೆ ಪ್ರಯೋಜನವಿಲ್ಲ. ಸವೆದ ರಿಂಗ್, ವಾಲ್ವ್ ಗೈಡ್ ನೋಡಿಸಿ.

ಅಂಗಡಿಯಲ್ಲಿ ಸಿಗುವ ಬೈಕಿನ 20ಡಬ್ಲ್ಯು-40 ಮಾತ್ರ ಬೇಡ. ಡೀಸೆಲ್ ಮಸಿ ತಡೆಯುವ ಶಕ್ತಿ ಅದಕ್ಕಿಲ್ಲ. ಡಬ್ಬಿಯ ಮೇಲೆ ಡೀಸೆಲ್ ಎಂಜಿನ್ ಆಯಿಲ್‌ನ ದರ್ಜೆಗಳಾದ ಸಿಎಫ್-4 ಅಥವಾ ಸಿಐ-4 ಇರಲಿ.

ಗೇರ್‌ಬಾಕ್ಸ್ ಲೆಕ್ಕವೇ ಬೇರೆ. ಡ್ರೈ ಬ್ರೇಕ್ ಗಾಡಿಗೆ ಸಾಮಾನ್ಯವಾಗಿ ಇಪಿ-90 ಗೇರ್ ಆಯಿಲ್. ಆಯಿಲ್ ಬ್ರೇಕ್ (ಡಿಸ್ಕ್‌ಗಳು ಆಯಿಲ್‌ನಲ್ಲೇ ಮುಳುಗಿರುವ ಬ್ರೇಕ್) ಇದ್ದರೆ ಯುಟಿಟಿಒ, ಅಂದರೆ ಗೇರ್, ಬ್ರೇಕ್, ಹೈಡ್ರಾಲಿಕ್ ಎಲ್ಲಕ್ಕೂ ಆಗುವ ಟ್ರ್ಯಾಕ್ಟರ್ ಆಯಿಲ್ಲೇ ಬೇಕು. ಇಪಿ-90 ಹಾಕಿದರೆ ಡಿಸ್ಕ್ ಜಾರಿ ಬ್ರೇಕ್ ಹಿಡಿಯುವುದಿಲ್ಲ.