ದೊಡ್ಡ ಅಕ್ಷರದ ಸತ್ಯವೇದ: ಆರು ತಿಂಗಳು ಬಳಸಿದ ಮೇಲೆ

ಸತ್ಯವೇದ, ಅಂದರೆ ಬೈಬಲ್, ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋಕೆ ನಾನು ಯಾರು? ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು, ಅಷ್ಟೇ. ನಾನು ಬರೆಯುತ್ತಿರುವುದು ಅದರ ಅಕ್ಷರ, ಕಾಗದ, ಬೈಂಡಿಂಗ್ ಬಗ್ಗೆ. ಆದರೆ ಯಾಕೆ ಕೊಂಡೆ ಅಂತ ಹೇಳದೇ ಬರೆದರೆ ಅರ್ಧ ಮಾತು ಮುಚ್ಚಿಟ್ಟಂತೆ. ಅದಕ್ಕೆ ಅದೂ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ನನಗೆ 47 ವರ್ಷ. ಚಾಳೀಸು ಬಂದು ನಾಲ್ಕು ವರ್ಷವಾಯಿತು. ಮನೆಯಲ್ಲಿ ಅಜ್ಜಿಯ ಕಾಲದ ಸತ್ಯವೇದ ಇದೆ, ಅದರ ಅಕ್ಷರ ಎಳ್ಳಿನಷ್ಟು. ಅದಕ್ಕೇ ಫೋನಿನಲ್ಲಿ ಆ್ಯಪ್ ಹಾಕಿಕೊಂಡಿದ್ದೆ. ಪುಕ್ಕಟೆ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು, ಓದಿಯೂ ಹೇಳುತ್ತದೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಪುಸ್ತಕ ಯಾಕೆ ಅಂತೀರಾ?

ಯಾಕಂದ್ರೆ ಆ ಆ್ಯಪಿನ ಪಕ್ಕದಲ್ಲೇ ರಮ್ಮಿ ಇತ್ತು. ರಾತ್ರಿ ಹತ್ತೂವರೆಗೆ ಸತ್ಯವೇದದ ಕೀರ್ತನೆ ತೆಗೆದು ಕೂತರೆ ಮೇಲಿಂದ ಒಂದು ಪಟ್ಟಿ ಇಳಿಯುತ್ತಿತ್ತು: ಇನ್ನೂರು ರೂಪಾಯಿ ಬೋನಸ್, ಹತ್ತು ನಿಮಿಷ ಮಾತ್ರ. ಕೀರ್ತನೆ ಅಲ್ಲೇ ನಿಲ್ಲುತ್ತಿತ್ತು. ಎರಡು ವರ್ಷದಲ್ಲಿ 2 ಲಕ್ಷ 30 ಸಾವಿರ ಹೋಯಿತು. ಅದರಲ್ಲಿ 90 ಸಾವಿರ ನನ್ನದಲ್ಲ, ನಮ್ಮ ಹಳೇ ಮನೆಯ ಚಾವಣಿ ರಿಪೇರಿಗೆ ಅಂತ ಅಣ್ಣ ನನ್ನ ಕೈಲಿ ಕೊಟ್ಟದ್ದು.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ರಮ್ಮಿ ಆ್ಯಪ್ ಬಾಯಿ ಮುಚ್ಚಿತು. ಸದ್ಯ ಬಚಾವಾದೆ ಅಂದುಕೊಂಡೆ. ಎಲ್ಲಿ! ಹದಿನೈದು ದಿನ ಆಗಿರಲಿಲ್ಲ, ಟೆಲಿಗ್ರಾಂನಲ್ಲಿ ಯಾರೋ ಲಿಂಕ್ ಕಳಿಸಿದರು. ಮುಂಬಾಗಿಲಿಗೆ ಸರ್ಕಾರ ಬೀಗ ಹಾಕಿತ್ತು, ಹಿತ್ತಲ ಬಾಗಿಲನ್ನು ನಾನೇ ತೆಗೆದೆ. ಅವತ್ತು ಒಂದೇ ರಾತ್ರಿ ನಾಲ್ಕು ಸಾವಿರ.

ಮರುದಿನ ನಮ್ಮ ಸಭೆಯ, ಅಂದರೆ ಚರ್ಚಿನ, ಸಭಾಪಾಲಕರ ಹತ್ತಿರ ಹೋದೆ. ದೊಡ್ಡ ಉಪದೇಶ ಇರುತ್ತೆ ಅಂತ ಹೆದರಿದ್ದೆ. ಅವರು ಪ್ರಾರ್ಥನೆ ಮಾಡಿದರು, ಆಮೇಲೆ ಹೇಳಿದ್ದು ಎರಡೇ ಮಾತು. "ರಾತ್ರಿ ಫೋನ್ ಅಡಿಗಿಮನ್ಯಾಗ ಇಡ್ರಿ. ಓದಾಕ ಪುಸ್ತಕ ತಗೋರಿ."

ಹಾಗೆ ಅಂಗಡಿಗೆ ಹೋದದ್ದು. ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡ ಸಣ್ಣ ಅಂಗಡಿ, ಅರ್ಧ ಜಾಗ ಕ್ಯಾಲೆಂಡರಿಗೇ ಹೋಗಿದೆ. ಗಲ್ಲೆಯಲ್ಲಿದ್ದ ಹಿರಿಯರು ಮೊದಲು ಕೇಳಿದ್ದು, "ಯಾವ ಸಭೆ ನಿಮ್ದು?" ಅದು ವಿಚಾರಣೆ ಅಲ್ಲ, ಒಳ್ಳೆಯ ವ್ಯಾಪಾರ. ನಮ್ಮ ಪ್ರಾಟೆಸ್ಟಂಟರ ಸತ್ಯವೇದದಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ಯಾರಿಗಾದರೂ ಉಡುಗೊರೆ ಕೊಡೋದಾದರೆ ಇದನ್ನು ಕೇಳಿಕೊಂಡೇ ಹೋಗಿ. ಅನುವಾದವೂ ಎರಡು ಥರ ಸಿಗುತ್ತದೆ, ಹಳೆಯದು ಮತ್ತು ಸುಲಭ ಕನ್ನಡದ್ದು. ನಾನು ಹಳೆಯದನ್ನೇ ತಗೊಂಡೆ. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದ ಸಭೆ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಗೂ ಬಂದವರು. ಆ ಹಳೇ ಕನ್ನಡ ಕಿವಿಗೆ ಬಿದ್ದೇ ಬೆಳೆದಿದ್ದೇನೆ. ಅಜ್ಜಿಯ ಬಾಯಲ್ಲಿ ಕೇಳಿದ ಮಾತು ಬೇರೆ ಕನ್ನಡದಲ್ಲಿ ಬಂದರೆ ಯಾಕೋ ನೆಂಟರ ಮನೆಯ ಊಟದ ಹಾಗೆ ಅನಿಸುತ್ತದೆ.

ಬೆಲೆ ಆರುನೂರು ಚಿಲ್ಲರೆ. ಚೌಕಾಸಿ ಇಲ್ಲ.

ಈಗ ಅಕ್ಷರ. ಇದಕ್ಕೆ ಪೂರ್ತಿ ಅಂಕ. ಚಾಳೀಸು ಹಾಕಿಕೊಂಡು ಸಾಧಾರಣ ಎಲ್‌ಇಡಿ ಬಲ್ಬಿನಲ್ಲಿ ಒಂದು ಗಂಟೆ ಓದಬಹುದು. ಒತ್ತಕ್ಷರಗಳು ಒಂದರೊಳಗೊಂದು ತೂರಿಕೊಂಡಿಲ್ಲ. ವಚನದ ಸಂಖ್ಯೆ ದಪ್ಪಗಿದೆ. ಪುಟಕ್ಕೆ ಎರಡು ಕಾಲಂ.

ಈ ದೊಡ್ಡ ಅಕ್ಷರ ಏನು ಮಾಡಿತು ಅಂತ ಒಂದೇ ಉದಾಹರಣೆ ಕೊಡ್ತೀನಿ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಕಥೆ ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ಅಪ್ಪನಿಂದ ಪಡೆದ ಪಾಲಿನ ಆಸ್ತಿ ಕಳೆದುಕೊಂಡು, ಹಂದಿ ಮೇಯಿಸುತ್ತಾ, ಮನೆಗೆ ಹೋಗಿ ಏನು ಹೇಳಬೇಕು ಅಂತ ಅವನು ಮೊದಲೇ ಮಾತು ಜೋಡಿಸಿಕೊಳ್ಳುತ್ತಾನೆ. 18, 19ನೇ ವಚನ. ನಾನು ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳೋಕೆ ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ಮೂರು ಮಾತು. ಮನೆ ಹತ್ತಿರ ಬಂದಾಗ 21ನೇ ವಚನದಲ್ಲಿ ಅದನ್ನೇ ಒಪ್ಪಿಸುತ್ತಾನೆ. ಆದರೆ ಅಲ್ಲಿ ಇರೋದು ಎರಡೇ ಮಾತು! ಕೂಲಿಯಾಳಿನ ಮಾತು ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಅಂಗಿ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಅಂತ ಶುರು ಮಾಡಿಬಿಟ್ಟಿರುತ್ತಾನೆ.

ನಲವತ್ತು ವರ್ಷ ಕೇಳಿದ ಕಥೆ. ಇದು ಕಂಡಿರಲಿಲ್ಲ. ಫೋನಿನಲ್ಲಿ ಒಂದು ವಚನ ಮೇಲೆ ಹೋದರೆ ಇನ್ನೊಂದು ಕೆಳಗೆ. ಇಲ್ಲಿ ಒಂದೇ ಕಾಲಂನಲ್ಲಿ ಎರಡೂ ಮೇಲೆ ಕೆಳಗೆ ಕೂತಿದ್ದವು, ಬೆರಳಿಟ್ಟು ಹೋಲಿಸಿದೆ.

ಅಪ್ಪ ಓಡಿಬಂದದ್ದು ಮಗ ಇನ್ನೂ ದೂರದಲ್ಲಿದ್ದಾಗಲೇ. ಅಂದರೆ ಅವನು ತಪ್ಪು ಒಪ್ಪಿಕೊಳ್ಳೋಕೆ ಬಂದಿದ್ದಾನೋ, ಮತ್ತೆ ದುಡ್ಡು ಕೇಳೋಕೆ ಬಂದಿದ್ದಾನೋ ಗೊತ್ತಾಗುವ ಮೊದಲೇ. ರೋಮಾಪುರದವರಿಗೆ ಬರೆದ ಪತ್ರ 5:8ರಲ್ಲೂ ಇದೇ ಲೆಕ್ಕ: ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ. ಸುಧಾರಿಸಿದ ಮೇಲಲ್ಲ. ನಾನು ಎರಡು ವರ್ಷ ಮಾಡಿದ್ದು ಅದರ ಉಲ್ಟಾ. ಮೊದಲು ದುಡ್ಡು ಗೆದ್ದು ವಾಪಸ್ ತರ್ತೀನಿ, ಆಮೇಲೆ ದೇವರ ಮುಂದೆ ಕೂರ್ತೀನಿ ಅಂತ. ಜೂಜುಗಾರನ ಲೆಕ್ಕ ಅದು.

ನಾನೂ ಮನೆಯಲ್ಲಿ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಾ ಮೂರು ದಿನ ಬಾಯಿಪಾಠ ಮಾಡಿದ್ದೆ. ಅರ್ಧ ಹೇಳುವಷ್ಟರಲ್ಲಿ ಮನೆಯವಳು ತಟ್ಟೆ ಇಟ್ಟಳು. "ಮೊದಲ ಊಟಾ ಮಾಡ್ರಿ." ಊಟ ಆದ ಮೇಲೆ ಕೈ ಚಾಚಿದಳು. "ಎಟಿಎಂ ಕಾರ್ಡ್ ಕೊಡ್ರಿ ಇಲ್ಲೆ." ಕಾರ್ಡ್ ಇವತ್ತಿಗೂ ಅವಳ ಹತ್ತಿರವೇ ಇದೆ. ಫೋನ್‌ಪೇ, ಗೂಗಲ್‌ಪೇ ಎರಡನ್ನೂ ಮಗಳು ತೆಗೆದುಹಾಕಿದಳು. ಸತ್ಯವೇದದಲ್ಲಿ ಅಪ್ಪ ಉಂಗುರ ಕೊಟ್ಟ, ನನಗೆ ದಿನಕ್ಕೆ ನೂರೈವತ್ತು ರೂಪಾಯಿ ಸಿಗುತ್ತದೆ. ದೂರು ಹೇಳ್ತಿಲ್ಲ.

ಹಳೇ ಅನುವಾದದ ಒಂದು ಪದದ ಬಗ್ಗೆ ಹೇಳಲೇಬೇಕು. ಆಸೆ ತೋರಿಸಿ ಬೀಳಿಸುವುದಕ್ಕೆ ಅಲ್ಲಿ "ಶೋಧನೆ" ಅನ್ನುತ್ತಾರೆ. ಹೊಸಬರಿಗೆ ಪೊಲೀಸರು ಮನೆ ಹುಡುಕಿದ ಹಾಗೆ ಕೇಳಿಸಬಹುದು. ಆದರೆ ಮೂಲ ಗ್ರೀಕಿನಲ್ಲೂ ಪರೀಕ್ಷೆಗೂ ಪ್ರಲೋಭನೆಗೂ ಒಂದೇ ಪದ ಅಂತ ನಮ್ಮ ಸಭಾಪಾಲಕರು ಹೇಳಿದರು. ನನಗಂತೂ ಈ ಪದವೇ ಸರಿ ಅನಿಸಿತು. ಒಳಗೆ ಏನಿದೆ ಅಂತ ಜಾಲಾಡಿ ತೆಗೆಯುತ್ತಲ್ಲ, ಅದೇ. ಹಾಗಂತ ದೇವರ ಮೇಲೆ ಹಾಕುವ ಹಾಗಿಲ್ಲ. ದೇವರು ಯಾರನ್ನೂ ಹಾಗೆ ಬೀಳಿಸುವುದಿಲ್ಲ, ಅವರವರ ಆಸೆಯೇ ಎಳೆಯುತ್ತದೆ ಅಂತ ಯಾಕೋಬನ ಪತ್ರದ ಮೊದಲ ಅಧ್ಯಾಯ ಸಂದು ಮುಚ್ಚಿಬಿಡುತ್ತದೆ.

ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಬೇರೆ ವಚನಗಳ ಸೂಚನೆ ಇದೆ. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ಓದುವಾಗ ಇದು ಬಹಳ ಉಪಯೋಗಕ್ಕೆ ಬಂತು. ನಲವತ್ತು ದಿನ ಉಪವಾಸ ಇದ್ದ ಯೇಸುವಿನ ಹತ್ತಿರ ಸೈತಾನ ಮೂರು ಸಲ ಬರುತ್ತಾನೆ. ಮೂರಕ್ಕೂ ಯೇಸು ಕೊಡುವ ಉತ್ತರ ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದ್ದು, 6 ಮತ್ತು 8ನೇ ಅಧ್ಯಾಯದಿಂದ. ಹೊಸ ಮಾತು ಒಂದೂ ಇಲ್ಲ, ವಾದವೂ ಇಲ್ಲ. ಮಧ್ಯದಲ್ಲಿ ಸೈತಾನನೂ 91ನೇ ಕೀರ್ತನೆ ಹೇಳುತ್ತಾನೆ, ಅದನ್ನು ಗಮನಿಸಿ. ಮೊದಲು ಬಂದದ್ದು ಹಸಿದವನ ಮುಂದೆ, ರೊಟ್ಟಿಯ ಮಾತು ಹಿಡಿದು. ನನಗೆ ಬೋನಸ್ ಪಟ್ಟಿ ಇಳಿಯುತ್ತಿದ್ದದ್ದೂ ತಿಂಗಳ ಕೊನೆಯಲ್ಲೇ.

ಇನ್ನು ತಪ್ಪುಗಳು. ಕಾಗದ ತೆಳು, ಹಿಂದಿನ ಪುಟದ ಅಕ್ಷರ ನೆರಳಿನಂತೆ ಕಾಣುತ್ತದೆ. ಹೈಲೈಟರ್ ಹಾಕಬೇಡಿ, ಇಂಗುತ್ತದೆ. ಪೆನ್ಸಿಲ್ ಒಳ್ಳೆಯದು. ತೂಕ ಒಂದೂವರೆ ಕೆಜಿ ದಾಟುತ್ತದೆ, ಮಲಗಿಕೊಂಡು ಓದಲು ಆಗದು. ಎದೆ ಮೇಲೆ ಇಟ್ಟು ನಿದ್ದೆ ಹೋದರೆ ಎಚ್ಚರ ಆಗುವುದು ಗ್ಯಾರಂಟಿ. ಜಿಪ್ ಕವರ್ ಇರುವುದಕ್ಕೆ ಜಾಸ್ತಿ ದುಡ್ಡು ಕೇಳುತ್ತಾರೆ, ದಯವಿಟ್ಟು ಕೊಡಬೇಡಿ. ನನ್ನ ಜಿಪ್ ಎರಡನೇ ತಿಂಗಳಿಗೇ ಹಲ್ಲು ಬಿಟ್ಟಿತು. ಅಂಗಡಿಗೆ ಒಯ್ದರೆ ಹಿರಿಯರು ಅತ್ತಿತ್ತ ತಿರುಗಿಸಿ ನೋಡಿ, "ಒಳಗಿಂದಕ್ಕ ಗ್ಯಾರಂಟಿ ಐತಿ, ಜಿಪ್ಪಿಗೆ ಇಲ್ಲ" ಅಂದರು. ನಗು ಬಂತು, ಆದರೂ ಜಿಪ್ ಜಿಪ್ಪೇ ಅಲ್ವಾ.

ರಿಬ್ಬನ್ ತುದಿ ಎಳೆ ಬಿಟ್ಟಿತು. ಅದಕ್ಕೆ ಮೋಟರ್ ಕಾಯಿಲಿಗೆ ಸುತ್ತುವ ಕಾಟನ್ ಟೇಪಿನ ತುಂಡು ಅಂಟಿಸಿದೆ. ತುದಿಗೆ ಒಂದು ತೊಟ್ಟು ವೈಂಡಿಂಗ್ ವಾರ್ನಿಶ್. ಈಗ ಏನಾದರೂ ಬಿಡಲ್ಲ. ವಾಸನೆ ಮಾತ್ರ ಒಂದು ವಾರ ಇತ್ತು.

ಆರು ತಿಂಗಳಲ್ಲಿ ಒಮ್ಮೆಯೂ ಕೈ ಜಾರಲಿಲ್ಲವಾ ಅಂದರೆ, ಒಮ್ಮೆ ಜಾರಿತು. ಡಿಸೆಂಬರಿನಲ್ಲಿ, ಗೆಳೆಯನ ಫೋನಿನಲ್ಲಿ, ಮುನ್ನೂರು ರೂಪಾಯಿ. ಅವತ್ತು ಪುಸ್ತಕ ತೆಗೆಯೋಕೆ ಮುಖ ಇರಲಿಲ್ಲ. ಎರಡು ದಿನ ಅದು ಟೇಬಲ್ಲಿನ ಮೇಲೇ ಇತ್ತು. ಫೋನ್ ಆಗಿದ್ದರೆ ಆ್ಯಪ್ ಕಣ್ಣಿಗೆ ಬೀಳದ ಹಾಗೆ ಸರಿಸಿಬಿಡುತ್ತಿದ್ದೆ. ಇಷ್ಟು ದಪ್ಪದ ಪುಸ್ತಕವನ್ನು ಎಲ್ಲಿ ಸರಿಸುವುದು? ಮೂರನೇ ದಿನ ತೆರೆದೆ.

ಆ ದುಂದುಗಾರ ಮಗನ ಕಥೆಯಲ್ಲಿ ದೊಡ್ಡ ಮಗನೂ ಇದ್ದಾನಲ್ಲ. ತಮ್ಮನಿಗೆ ಔತಣ ಮಾಡಿದರು ಅಂತ ಸಿಟ್ಟಾಗಿ ಹೊರಗೇ ನಿಂತವನು. ಅಪ್ಪ ಅವನ ಹತ್ತಿರವೂ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಯೇಸು ಹೇಳುವುದೇ ಇಲ್ಲ. ನಮ್ಮ ಅಣ್ಣ ಇನ್ನೂ ನಮ್ಮ ಮನೆಗೆ ಬಂದಿಲ್ಲ. ಅವನನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ. ದೇವರು ಕ್ಷಮಿಸಿದ ಅಂತ ಅವನ 90 ಸಾವಿರ ವಾಪಸ್ ಬರುವುದಿಲ್ಲವಲ್ಲ. ತಿಂಗಳಿಗೆ ಮೂರು ಸಾವಿರದಂತೆ ಬ್ಯಾಂಕಿಗೆ ಹೋಗಿ ಅವನ ಖಾತೆಗೆ ಕಟ್ಟುತ್ತಿದ್ದೇನೆ. ಇನ್ನೂ 72 ಸಾವಿರ ಇದೆ.

ಕಣ್ಣು ಮಂಜಾದವರಿಗೂ, ಫೋನ್ ಕೈಗೆ ಬಂದರೆ ತಡೆಯಲಾಗದವರಿಗೂ ತಗೊಳ್ಳಿ ಅಂತ ಹೇಳುತ್ತೇನೆ. ಪ್ರಯಾಣಕ್ಕೆ ಬೇಡ. 5ಕ್ಕೆ 4, ಒಂದು ಅಂಕ ಜಿಪ್ಪಿಗೂ ರಿಬ್ಬನ್ನಿಗೂ ಕಡಿತ. ಬೈಂಡಿಂಗ್ ನೂಲಿನ ಹೊಲಿಗೆಯದು, ಗಟ್ಟಿ ಇದೆ. ಲೂಕನ ಹತ್ತಿರ ಪುಸ್ತಕ ಸ್ವಲ್ಪ ಉಬ್ಬಿದೆ, ಆದರೆ ಅದು ಮುದ್ರಕರ ತಪ್ಪಲ್ಲ. ಬ್ಯಾಂಕಿನ ಆರು ಸ್ಲಿಪ್‌ಗಳನ್ನು ಅಲ್ಲಿ ಇಟ್ಟಿದ್ದೇನೆ.